ಇಪ್ಪತ್ತು ಜನರ ಮನರಂಜನೆ

ದಿನೇಶ ಓದುತ್ತಿದ್ದ ಡಿಗ್ರಿಯ ಹೆಸರು ಉದ್ಯಾನ, ಮನರಂಜನೆ ಮತ್ತು ದೇಹದಾರ್ಢ್ಯ. ಅವನ ಊರಾದ ಹೊನ್ನವಳ್ಳಿಯಲ್ಲಿ ಇದನ್ನು ಕೇಳಿದವರೆಲ್ಲ, "ಅಂದ್ರೆ ಪಾರ್ಕಿಗೆ ನೀರು ಹಾಕೋದೇನ್ಲಾ?" ಎನ್ನುತ್ತಿದ್ದರು. ಎರಡು ವರ್ಷ ವಿವರಿಸಿ ಬಾಯಿ ನೋವು ಬಂದು, ಮೂರನೇ ವರ್ಷ ಅವನೇ "ಹೂಂ, ನೀರು ಹಾಕೋದೇಯ" ಎಂದು ಒಪ್ಪಿಕೊಂಡುಬಿಟ್ಟ.

ಅವನ ತಾಯಿ ಚೌಡಮ್ಮ ಮಾತ್ರ ಏನೂ ಕೇಳಲಿಲ್ಲ. ಕೇಳಲು ಪುರುಸೊತ್ತೆಲ್ಲಿತ್ತು? ಐದಕ್ಕೆದ್ದು ಮನೆಗೆಲಸ ಮುಗಿಸಿ, ಮಗನ ನೀಲಿ ಟ್ರ್ಯಾಕ್ ಸೂಟ್ ಒಗೆದು ಹರವಿ, ಪಾರ್ಕಿನ ಪಕ್ಕದ ಅಂಗಳದಲ್ಲಿ ಊರ ಹೆಂಗಸರ ಜೊತೆ ಕೂತು ಸಂಜೆಯವರೆಗೂ ಕೂಲಿಗೆ ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಿದ್ದಳು.

ಕೊನೆಯ ಸೆಮಿಸ್ಟರಿಗೆ ಪ್ರಾಜೆಕ್ಟ್ ಬಂತು. ಊರ ಪಾರ್ಕಿನಲ್ಲಿ ಇಪ್ಪತ್ತು ಜನರಿಗೆ ಒಂದು ತಿಂಗಳು ಶಿಬಿರ ನಡೆಸಬೇಕು. ಪರೀಕ್ಷಕರು ಬಂದ ದಿನ ಇಪ್ಪತ್ತೂ ತಲೆ ಕಾಣಬೇಕು. ಕಂಡರೆ ಪಾಸು, ತುಮಕೂರಿನ ಜಿಮ್ಮಿನಲ್ಲಿ ಕೆಲಸ. ಕಾಣದಿದ್ದರೆ ಇನ್ನೊಂದು ವರ್ಷ ಅದೇ ಕಾಲೇಜು.

ತೆಂಗಿನ ತೋಟವಿದ್ದ ಇಪ್ಪತ್ತು ಯಜಮಾನರು ಸಿಕ್ಕರು. ದಿನಾ ಬಂದು, ವ್ಯಾಯಾಮದ ಯಂತ್ರಗಳ ಮೇಲೆ ಆರಾಮಾಗಿ ಕೂತು, ಕೊಬ್ಬರಿ ರೇಟು ಮಾತಾಡಿ ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ದಿನೇಶ ಅದನ್ನು ಉಸಿರಾಟದ ವ್ಯಾಯಾಮ ಎಂದು ಬರೆದುಕೊಂಡ.

ಪರೀಕ್ಷಕರು, ಬೆಂಗಳೂರಿನ ಪ್ರೊಫೆಸರ್ ಸದಾಶಿವಯ್ಯ, ಫೋನಿನಲ್ಲಿ ತಾರೀಕು ಹೇಳಿದಾಗ ಇವನು ಸಂತೋಷಕ್ಕೆ ಹೂಂ ಎಂದುಬಿಟ್ಟ. ತೆಂಗಿನ ಸೀಮೆಯಲ್ಲಿ ಹುಟ್ಟಿದ ಈ ಮಹಾನುಭಾವನಿಗೆ, ಆವತ್ತು ತಿಪಟೂರಿನಲ್ಲಿ ಕೊಬ್ಬರಿ ಹರಾಜು ಎಂಬುದು ಹೊಳೆಯಲೇ ಇಲ್ಲ. ಬೆಳಗ್ಗೆ ಯಜಮಾನರೆಲ್ಲ ಹರಾಜಿಗೆ ಹೋಗಿ, ಪಾರ್ಕಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಪ್ರೊಫೆಸರರ ಕಾರು ಮಾತ್ರ ಬಂದು ನಿಂತಿತ್ತು.

ದಿನೇಶ ಪಕ್ಕದ ಅಂಗಳಕ್ಕೆ ಓಡಿದ. "ಅವ್ವ, ಇವತ್ತು ಜನ ಇಲ್ದಿದ್ರೆ ನಾನು ಫೇಲು."

ಚೌಡಮ್ಮ ಮಚ್ಚು ಕೆಳಗಿಟ್ಟಳು. "ಏಳ್ರೇ, ಒಂದು ಗಳಿಗೆ ಹೋಗಿ ಬರಾನ," ಎಂದಳು. ಹತ್ತೊಂಬತ್ತು ಹೆಂಗಸರು ಸೆರಗು ಕೊಡವಿ ಎದ್ದರು. ಅವಳೂ ಸೇರಿ ಲೆಕ್ಕ ಸರಿಹೋಯಿತು.

ಒಂದು ತಿಂಗಳು ಅಲ್ಲಾಡದ ಯಂತ್ರಗಳು ಆವತ್ತು ಗಿರಗಿರನೆ ತಿರುಗಿದವು. ಪ್ರೊಫೆಸರ್ ಬೆರಗಾಗಿ, "ದಿನಾ ಏನು ಮಾಡ್ತೀರಮ್ಮ?" ಎಂದರು.

"ಕೂಲಿಗೆ ಕಾಯಿ ಒಡೀತೀವಿ ಕಣ್ರೀ," ಎಂದಳು ಒಬ್ಬಳು.

ಪ್ರೊಫೆಸರ್ ಪೆನ್ನು ಮುಚ್ಚಿದರು. "ಕೂಲಿಗೆ ಮಾಡಿದ್ದು ಲೆಕ್ಕಕ್ಕೆ ಬರಲ್ಲ. ಕೂಲಿ ಇಲ್ಲದೆ ಮೈ ಬಗ್ಗಿಸಿ ಮಾಡೋದನ್ನ ಮಾತ್ರ ಮನರಂಜನೆ ಅಂತ ಬರ್ಕೋಬೇಕು. ಫಾರಮ್ಮಿನಲ್ಲೇ ಇದೆ."

"ಕೂಲಿ ಇಲ್ದೇ ಮಾಡೋದಾ?" ಚೌಡಮ್ಮ ಮುಂದೆ ಬಂದಳು. "ಕಸ ಗುಡಿಸ್ತೀನಿ, ನೀರು ಹೊರ್ತೀನಿ, ಹಸ ಕರೀತೀನಿ, ಮುದ್ದೆ ತಿರುವ್ತೀನಿ, ಇವನ ಈ ನೀಲಿ ಬಟ್ಟೆ ಒಗೀತೀನಿ. ಹೊತ್ತಾರೆ, ರಾತ್ರಿ ಸೇರಿ ಏಳೆಂಟು ಗಂಟೆ ಆಯ್ತದೆ. ಇಪ್ಪತ್ತೆರಡು ವರ್ಷದಿಂದ ಒಂದು ಕಾಸೂ ಯಾರೂ ಕೊಟ್ಟಿಲ್ಲ, ಬರ್ಕೊಳ್ಳಿ."

ಪ್ರೊಫೆಸರ್ ಬರೆದುಕೊಂಡರು, ಉಳಿದ ಹೆಂಗಸರೂ ತಂತಮ್ಮ ಲೆಕ್ಕ ಬರೆಸಿದರು. ಫಾರಮ್ಮಿನ ಪ್ರಕಾರ ದಿನಕ್ಕೆ ಎರಡು ಗಂಟೆ ದಾಟಿದರೆ ಅತ್ಯುತ್ತಮ. ಇಪ್ಪತ್ತು ಹೆಂಗಸರೂ ಅತ್ಯುತ್ತಮ ಎನಿಸಿಕೊಂಡರು. ಇಷ್ಟು ಮನರಂಜನೆ ಇರುವ ಊರನ್ನು ತಾನು ಕಂಡೇ ಇಲ್ಲವೆಂದು ಷರಾ ಬರೆದು ಪ್ರೊಫೆಸರ್ ಕಾರು ಹತ್ತಿದರು. ದಿನೇಶ ಪಾಸಾದ, ಅದೂ ತರಗತಿಗೇ ಮೊದಲಿಗನಾಗಿ.

ಸಂಜೆ ಅವನು ಆ ಷರಾವನ್ನು ತಾಯಿಗೆ ಹಿಗ್ಗಿನಿಂದ ಓದಿ ಹೇಳಿದ. ಚೌಡಮ್ಮ ಪೂರ್ತಿ ಕೇಳಿಸಿಕೊಂಡು, ಒಳಗೆ ಹೋಗಿ ಬಕೆಟ್ಟು ತಂದು ಅವನ ಮುಂದಿಟ್ಟಳು. ನೀಲಿ ಟ್ರ್ಯಾಕ್ ಸೂಟ್ ಅದರಲ್ಲಿತ್ತು.

"ನನಗೆ ಮನರಂಜನೆ ಜಾಸ್ತಿ ಆಯ್ತು ಕಣಪ್ಪ. ಇನ್ನು ಮೇಲೆ ಇದನ್ನ ನೀನು ಮಾಡ್ಕೊ."

ದಿನೇಶ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಸೋಪಿನ ಪುಡಿ ಎಷ್ಟು ಹಾಕಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಕೇಳಲು ನಾಚಿಕೆಯಾಯಿತು.