ಮೊದಲೇ ನಿಂತ ಹೊಲಿಗೆ ಮಿಷನ್

ಆ ಪತ್ತೇದಾರಿ ಧಾರಾವಾಹಿಯನ್ನು ಜೊತೆಯಾಗಿಯೇ ನೋಡಬೇಕು, ಒಬ್ಬರನ್ನು ಬಿಟ್ಟು ಒಬ್ಬರು ಒಂದು ಕಂತೂ ಮುಂದೆ ಹೋಗಕೂಡದು ಎಂದು ದರ್ಜಿಯಮ್ಮನೂ ಅವಳ ಗಂಡನೂ ಮಾತಾಡಿಕೊಂಡಿದ್ದರು. ಆದರೆ ಹಾಳಾದ್ದು, ಪ್ರತಿ ಕಂತೂ ಎದೆ ಡವಡವ ಎನ್ನುವ ಹೊತ್ತಿಗೇ ಮುಗಿದರೆ ಬಡಪಾಯಿ ಮನಸ್ಸು ಏನು ಮಾಡೀತು? ಗಂಡ ಕೆಲಸಕ್ಕೆ ಹೋದದ್ದೇ ತಡ, ಅವಳು ಹೊಲಿಯುತ್ತಲೇ ಮುಂದಿನ ಕಂತು ಹಾಕಿಕೊಂಡಳು. ಬೀರುವಿನಿಂದ ದೊಪ್ಪೆಂದು ಹೆಣ ಬಿದ್ದಾಗ ಬೆಚ್ಚಿ, ಯಾರದೋ ಅಂಗಿಯ ತೋಳನ್ನು ಕಾಲರಿಗೆ ಸೇರಿಸಿ ಹೊಲಿದುಬಿಟ್ಟಳು.

ಸಂಜೆ ಗಂಡನ ಜೊತೆ ಅದೇ ಕಂತು. ಅವಳು ಏನೂ ಅರಿಯದವಳಂತೆ ಹೊಲಿಯುತ್ತ ಕೂತಳು. ಪತ್ತೇದಾರ ಬೀರುವಿನತ್ತ ಹೆಜ್ಜೆ ಇಟ್ಟ. ಇನ್ನೊಂದು ಅಂಗಿ ಹಾಳಾದೀತೆಂದು ಅವಳ ಕಾಲು ತಾನಾಗಿಯೇ ಪೆಡಲ್ ಬಿಟ್ಟಿತು.

"ಕಳ್ಳಿ! ಹೆಣ ಬೀಳೋಕೆ ಮುಂಚೆನೇ ಮಿಷನ್ ನಿಲ್ಲಿಸಿದೆ. ಕದ್ದು ನೋಡಿದೀಯ!" ಎಂದು ಗಂಡ ಹಾರಾಡಿದ.

ಪರದೆಯ ಮೇಲೆ ಬೀರು ಇನ್ನೂ ತೆರೆದಿರಲಿಲ್ಲ.

"ಹೆಣ ಬೀಳುತ್ತೆ ಅಂತ ನಿಮಗ್ಯಾರು ಹೇಳಿದ್ರು?"

ಗಂಡ ನಾಲಿಗೆ ಕಚ್ಚಿಕೊಂಡ. "ಆಫೀಸಲ್ಲಿ ಊಟದ ಹೊತ್ತಿಗೆ ಫೋನಲ್ಲಿ ಒಂದೇ ಒಂದು ಕಂತು ಅಂತ ಶುರು ಮಾಡ್ದೆ ಕಣೆ, ಕೊನೇ ಕಂತಿನವರೆಗೂ ನಿಲ್ಲಿಸೋಕೇ ಆಗ್ಲಿಲ್ಲ. ಕೊಲೆ ಮಾಡಿದ್ದು ಯಾರು ಗೊತ್ತಾ..."

"ರೀ!" ಅವಳು ಕೈಗೆ ಸಿಕ್ಕ ಜಿಪ್ ಎತ್ತಿ ಹಿಡಿದಳು. "ಹೆಸರು ಹೇಳಿದ್ರೆ ಇದನ್ನ ನಿಮ್ಮ ಬಾಯಿಗೇ ಹೊಲಿದುಬಿಡ್ತೀನಿ. ಸುಮ್ನೆ ಮುಂದಿನ ಕಂತು ಹಾಕಿ."