ಭಾನುವಾರದ ಎರಡನೇ ಕುಟ್ಟು

ಎಣ್ಣೆಯ ಸದ್ದು ಬದಲಾಯಿತು, ಈಗಷ್ಟೇ ಚರಚರ ಎನ್ನುತ್ತಿದ್ದದ್ದು ಸಣ್ಣಗೆ ಗೊಣಗತೊಡಗಿದೆ, ಅಂದರೆ ಬಾಳೆಕಾಯಿಯೊಳಗಿನ ನೀರು ಆರಿತು, ಅಂದರೆ ಮಗುಚಬೇಕು, ಕೆಂಪಗಾಗೋಕೆ ಬಿಡಬೇಡ ತೇಯೋ, ಕೆಂಪಗಾದ್ರೆ ಕುಟ್ಟೋಕೆ ಬರಲ್ಲ, ಕುರುಕಲು ತಿನ್ನೋಕೆ ಅಷ್ಟೆ — ನಿಲ್ಸಾ ಇದನ್ನು ಹೇಳುವುದು ಒಲೆಯ ಎಡಗಡೆ ನಿಂತು, ಸೊಂಟಕ್ಕೆ ಒಂದು ಕೈ ಕೊಟ್ಟು, ಈಗ ಆ ಎಡಗಡೆಯಲ್ಲಿ ಫ್ಯಾನಿನ ಗಾಳಿ ಮಾತ್ರ ಸುಳಿದಾಡುತ್ತಿದೆ, ಹೇಳಿದ್ದು ನಾನೇ, ನನ್ನ ತಲೆಯೊಳಗೆ, ಅವಳ ಧ್ವನಿಯಲ್ಲಿ. ಮಗುಚಿದೆ. ಒಂದು ಹೋಳು ಆಗಲೇ ಕೆಂಪಾಗಿದೆ, ಇರಲಿ, ಯಾರು ನೋಡುತ್ತಾರೆ. ಕಿಟಕಿಯ ಅಲ್ಯೂಮಿನಿಯಂ ಪಟ್ಟಿಗಳ ನಡುವಿನಿಂದ ಬಿಸಿಲು ತೂರಿ ಬಂದು ಸೀಗಡಿಯ ಬಟ್ಟಲ ಮೇಲೆ ಬಿದ್ದಿದೆ, ಸೀಗಡಿ ಬೆಳಿಗ್ಗೆ ಧಕ್ಕೆಯಲ್ಲಿ ಸಿಕ್ಕಿದ್ದು, ದೋಣಿಯ ಇಂಜಿನ್ ರಿಪೇರಿ ಮಾಡಿಸಿಕೊಂಡ ಓವಿದಿಯೋ ಕೊಟ್ಟದ್ದು, ತಗೊಳ್ಳಯ್ಯ, ಇವತ್ತು ಭಾನುವಾರ, ನಿನ್ನ ಹೆಂಡ್ತಿ ಬರ್ತಾಳಲ್ಲ ಪೋನ್ಸೆಯ ಅಕ್ಕನ ಮನೆಯಿಂದ, ಬಾಳೆಕಾಯಿ ಕುಟ್ಟಿ ಮೊಫೊಂಗೊ ಮಾಡಿಸ್ಕೊಂಡು ತಿನ್ನು, ಹ್ಞೂಂ ಎಂದೆ, ಹ್ಞೂಂ ಎನ್ನುವುದು ಎಷ್ಟು ಸುಲಭ, ನಾಲಿಗೆ ಎತ್ತುವ ಕೆಲಸವೂ ಇಲ್ಲ. ನನ್ನ ಹೆಂಡತಿ ಬರುವುದಿಲ್ಲ. ಈ ಭಾನುವಾರವೂ ಇಲ್ಲ, ಮುಂದಿನ ಭಾನುವಾರವೂ ಇಲ್ಲ, ಇದು ಈ ನಗ್ವಾಬೊ ಊರಿನಲ್ಲಿ ನನಗೆ ಮಾತ್ರ ಗೊತ್ತು, ಇನ್ನೊಂದು ಜೀವಕ್ಕೂ ಹೇಳಿಲ್ಲ.

ಹೋದದ್ದು ಜಗಳವಾಡಿ ಅಲ್ಲ, ಜಗಳವಾಗಿದ್ದರೆ ಹೇಳಲು ಏನಾದರೂ ಇರುತ್ತಿತ್ತು. ಈಸ್ಟರ್‌ಗೆ ಮುಂಚೆ ಉಪವಾಸದ ದಿನಗಳಲ್ಲಿ ಅವಳ ಅಕ್ಕ ಇರೈದಾಳ ಮೊಣಕಾಲು ಕೊಯ್ದರು, ನೋಡಿಕೊಳ್ಳಲು ಯಾರೂ ಇಲ್ಲ, ಹೋಗಿ ಬರ್ತೀನಿ ಎಂದಳು, ಹೋಗು ಎಂದೆ, ಸಣ್ಣ ಪೆಟ್ಟಿಗೆ, ಹೂವಿನ ಚಿತ್ರದ ಛತ್ರಿ, ವ್ಯಾನು ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದೆ, ಕೈ ಬೀಸಿದೆನೋ ಇಲ್ಲವೋ ನೆನಪಿಲ್ಲ. ಮೊಣಕಾಲು ವಾಸಿಯಾಯಿತು, ಈಸ್ಟರ್ ಕಳೆಯಿತು, ಅವಳು ಬರಲಿಲ್ಲ, ಫೋನ್ ಬಂತು, ನನಗೆ ಇಲ್ಲಿ ಚೆನ್ನಾಗಿದೆ ತೇಯೋ, ಇರೈದಾ ಬೆಳಿಗ್ಗೆ ಎದ್ದರೆ ಬಾಯಿ ಮುಚ್ಚಲ್ಲ, ನಾನೂ ಮುಚ್ಚಲ್ಲ, ನಗ್ತೀವಿ, ಗೊತ್ತಾ, ಅಳಲಿಲ್ಲ ಅವಳು, ಬೈಯಲೂ ಇಲ್ಲ, ನಿನ್ನ ಜೊತೆ ಮಾತಾಡೋದಕ್ಕಿಂತ ಕಿಟಕಿ ಜೊತೆ ಮಾತಾಡೋದು ಮೇಲು, ಕಿಟಕಿ ಆಚೆ ಪಕ್ಕದ್ಮನೆ ದೋನ್ಯಾ ಪ್ರೋವಿ ಆದ್ರೂ ಇರ್ತಾರೆ, ಇದನ್ನು ನಗುನಗುತ್ತಲೇ ಹೇಳಿದಳು, ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ಏನಾದರೂ ಹೇಳಬೇಕು ಏನಾದರೂ ಹೇಳಬೇಕು ಎಂದುಕೊಳ್ಳುತ್ತಲೇ ಇದ್ದೆ, ಅಲ್ಲಿ ಇರೈದಾಳ ಮನೆಯ ಕೋಳಿ ಕೂಗಿತು, ಸರಿ ಎಂದೆ. ಸರಿಯಂತೆ. ಏನು ಸರಿ, ಮಣ್ಣು.

ಹೋಳುಗಳನ್ನು ತೆಗೆಯಬೇಕು, ತೆಗೆದ ಕೂಡಲೇ ಕುಟ್ಟಬೇಕು, ಬಿಸಿ ಆರಿದರೆ ಬಾಳೆಕಾಯಿ ಕಲ್ಲಾಗುತ್ತದೆ, ಇನ್ನೊಂದು ಒಲೆಯಲ್ಲಿ ಸೀಗಡಿ, ಅದನ್ನು ಯಾರು ನೋಡಬೇಕು, ಇದು ಒಬ್ಬರ ಅಡುಗೆಯೇ ಅಲ್ಲ, ಮೊಫೊಂಗೊ ಕಂಡುಹಿಡಿದವರು ಯಾರೋ ಗಂಡ ಹೆಂಡಿರೇ ಇರಬೇಕು, ಒಬ್ಬರು ಕುಟ್ಟುವಾಗ ಇನ್ನೊಬ್ಬರು ಬಾಣಲೆ ಕಾಯಬೇಕು. ಸೀಗಡಿಯ ಬಾಲ ತಲೆ ಹತ್ರ ಬಂದ್ರೆ ಸಾಕು, ಪೂರ್ತಿ ಉಂಡೆ ಸುತ್ತಿಕೊಂಡ್ರೆ ರಬ್ಬರ್ ಜಗಿದ ಹಾಗೆ — ಟೊಮೆಟೊ ಕುದಿಯುತ್ತಿದೆ, ಅವಳು ಐಸ್ ಪೆಟ್ಟಿಗೆಯಲ್ಲಿ ಬಿಟ್ಟುಹೋದ ಹಸಿರು ಮಸಾಲೆಯ ಕೊನೆಯ ಗಡ್ಡೆ ಕರಗಿ ಅದರಲ್ಲಿ ಸೇರಿತು, ದಪ್ಪಮೆಣಸಿನಕಾಯಿ, ಉದ್ದೆಲೆಯ ಕೊತ್ತಂಬರಿ, ಬೆಳ್ಳುಳ್ಳಿ, ಮೂಗಿಗೆ ಬಡಿದ ಕೂಡಲೇ ಮನೆ ತುಂಬಿದಂತಾಗುತ್ತದೆ, ತಿರುಗಿ ನೋಡಿದರೆ ಇಲ್ಲ. ಸೀಗಡಿ ಸುರಿದೆ. ಒರಳು ಎಲ್ಲಿ, ಇಲ್ಲೇ ಇದೆ, ಅಡಿಗೆ ಒದ್ದೆ ಬಟ್ಟೆ ಹಾಸಿ ಆಗಲೇ ಇಟ್ಟಿದ್ದೇನೆ, ಅವಳ ಅಜ್ಜಿಯ ಕಾಲದ ಮರದ ಒರಳು, ಕಪ್ಪಗೆ ಮಿರುಗುವ ಹೊಟ್ಟೆ, ಕೈಯಗಲದ ಬಾಯಿ, ಒಂದು ಸಲಕ್ಕೆ ಒಬ್ಬರ ಪಾಲು ಮಾತ್ರ ಹಿಡಿಯುತ್ತದೆ, ಇಬ್ಬರಿಗೆ ಬೇಕಾದರೆ ಎರಡು ಸಲ ಕುಟ್ಟು, ಐವರಿಗಾದರೆ ಐದು ಸಲ, ಅದಕ್ಕೇ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಎಷ್ಟು ಜನ ಉಣ್ಣುತ್ತಾರೆ ಎಂದು ಗೋಡೆಯಾಚೆ ಕುಳಿತೇ ಹೇಳಬಹುದು. ಬೆಳ್ಳುಳ್ಳಿ, ಉಪ್ಪು, ಒಂದು ಚಮಚ ಎಣ್ಣೆ, ಹುರಿದ ಹಂದಿಚರ್ಮದ ಚಕ್ಕೆ ಎರಡು, ಹೋಳು, ಈಗ ಗಿಡ್ಡ ಒನಕೆ. ಧಪ್. ಕುಟ್ಟುವುದು ಯಾವಾಗಲೂ ನಾನೇ, ಇಂಜಿನ್ ಬಿಚ್ಚುವ ಕೈ, ಬಲ ಇದೆ, ಅವಳು ಕೈಗೆ ಎಣ್ಣೆ ಹಚ್ಚಿಕೊಂಡು ಪಕ್ಕದಲ್ಲಿ ನಿಲ್ಲುವಳು, ನಾನು ಒನಕೆ ಎತ್ತಿದಾಗ ಅವಳ ಬೆರಳು ಒಳಗೆ ಹೋಗುತ್ತದೆ, ಬದಿಗೆ ಏರಿದ ಮುದ್ದೆಯನ್ನು ಮಗುಚಿ ನಡುವಿಗೆ ತಳ್ಳುತ್ತದೆ, ಹೊರಗೆ ಬರುತ್ತದೆ, ಒನಕೆ ಬೀಳುತ್ತದೆ, ಎತ್ತುತ್ತೇನೆ, ಬೆರಳು, ಬೀಳುತ್ತದೆ, ಬೆರಳು, ಅವಳು ಒರಳನ್ನು ನೋಡುವುದೂ ಇಲ್ಲ, ಕಿಟಕಿಯಾಚೆ ದೋನ್ಯಾ ಪ್ರೋವಿ ಜೊತೆ ಯಾರದೋ ಮದುವೆಯ ಕೇಕಿನ ವಿಚಾರ ಮಾತಾಡುತ್ತಲೇ ಇರುತ್ತಾಳೆ, ಅಷ್ಟು ನಂಬಿಕೆ ನನ್ನ ಕೈ ಮೇಲೆ. ಒಂದೇ ಒಂದು ಸಲ ತಪ್ಪಿದ್ದೆ, ಉಗುರು ಕಪ್ಪಾಯಿತು, ಅಯ್ಯೋ ಎಂದವನು ನಾನು, ಅವಳು ಬೆರಳನ್ನು ಬಾಯಲ್ಲಿಟ್ಟು ಚೀಪಿ, ಉಪ್ಪು ಕಡಿಮೆ ಎಂದಳು.

ಇನ್ನು ಆ ಸುಳ್ಳು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಫೋನ್ ಬಂದ ಮರುದಿನ ಕಿಟಕಿಯಾಚೆಯಿಂದ ದೋನ್ಯಾ ಪ್ರೋವಿ, ಏನೋ ತೇಯೋ, ನಿಲ್ಸಾ ಯಾವಾಗ ಬರ್ತಾಳೆ, ಭಾನುವಾರ ಭಾನುವಾರ ಬಂದು ಹೋಗ್ತಾಳೆ ಎಂದುಬಿಟ್ಟೆ, ಬಾಯಿ ತಾನಾಗಿಯೇ ಹೇಳಿತು. ಭಾನುವಾರ ಬಂತು, ಅವಳು ಬರಲಿಲ್ಲ, ಇಬ್ಬರ ಕುಟ್ಟಿನ ಸದ್ದು ಮಾತ್ರ ಬರಲೇಬೇಕಲ್ಲ, ಎರಡು ಸಲ ಕುಟ್ಟಿದೆ, ಎರಡನ್ನೂ ನಾನೇ ತಿಂದು ರಾತ್ರಿಯೆಲ್ಲ ಹೊಟ್ಟೆ ಹಿಡಿದುಕೊಂಡು ಹೊರಳಾಡಿದೆ. ಮುಂದಿನ ವಾರ ಎರಡನೆಯದನ್ನು ಬೀದಿನಾಯಿಗೆ ಹಾಕಿದೆ, ಬೆಳ್ಳುಳ್ಳಿಗೆ ಸೀನಿತು ಬಡ್ಡೀಮಗಂದು, ಆ ಮೇಲೆ ನಮ್ಮ ಗೇಟಿನ ಕಡೆಗೇ ಬರಲಿಲ್ಲ. ಅಲ್ಲಿಂದೀಚೆಗೆ ಎರಡನೆಯ ಸಲ ಖಾಲಿ ಒರಳನ್ನೇ ಕುಟ್ಟುತ್ತೇನೆ. ಹೌದು, ಖಾಲಿ ಒರಳು. ಗಡ್ಡ ನರೆತ ಗಂಡಸು, ದ್ವೀಪದ ಈ ಕರಾವಳಿಯಲ್ಲೆಲ್ಲ ನನ್ನ ಹಾಗೆ ಇಂಜಿನ್ ರಿಪೇರಿ ಮಾಡುವವನಿಲ್ಲ, ಭಾನುವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ನಿಂತು ಮರಕ್ಕೆ ಮರ ಬಡಿಯುತ್ತೇನೆ, ಅವಳ ರೇಡಿಯೋ ಸ್ಟೇಷನ್ ಹಾಕಿ, ಎರಡು ತಟ್ಟೆ ತೊಳೆದ ಸದ್ದು ಮಾಡಿ. ಎಲ್ಲೋ ನಿಲ್ಸಾ, ಮಾತೇ ಕೇಳ್ತಿಲ್ಲ, ಎನ್ನುತ್ತಾರೆ ಕಿಟಕಿಯಾಚೆಯಿಂದ, ಸ್ನಾನಕ್ಕೆ ಹೋಗಿದಾಳೆ ದೋನ್ಯಾ ಪ್ರೋವಿ, ಹೋದ ವಾರಾನೂ ಸ್ನಾನ, ಈ ವಾರಾನೂ ಸ್ನಾನ, ಮೈಮೇಲೆ ಚರ್ಮ ಉಳಿಸ್ಕೊಳ್ಳೋಕೆ ಹೇಳೋ ಅವಳಿಗೆ, ದಣಿದು ಮಲಗಿದಾಳೆ, ತಲೆನೋವು, ಹೊಲಿಗೆ ತಂದಿದಾಳೆ — ಇಷ್ಟೊಂದು ಮಾತು ನಾನು ಅವಳಿದ್ದಾಗ ಆಡಿದ್ದರೆ. ಜನ ನಗುತ್ತಾರೆ ಎಂದಲ್ಲ, ನಗಲಿ, ಊರ ಬಾಯಿಗೆ ಮುಚ್ಚಳ ಉಂಟೇ, ನನ್ನ ಭಯ ಬೇರೆ. ಬಾಯಿಬಿಟ್ಟು ಹೇಳಿದ ದಿನ ಅದು ನಿಜವಾಗಿಬಿಡುತ್ತದೆ. ಹೇಳದಿರುವ ತನಕ ಭಾನುವಾರಕ್ಕೆ ಒಂದು ಗಂಟೆಯಾದರೂ ಅವಳು ಈ ಮನೆಯಲ್ಲಿ ಇರುತ್ತಾಳೆ, ಸ್ನಾನ ಮಾಡುತ್ತಾ.

ಧಪ್, ಧಪ್, ಇದು ನನ್ನ ಪಾಲು, ಬದಿಗೆ ಏರುತ್ತಿದೆ, ಚಮಚದಿಂದ ತಳ್ಳುತ್ತೇನೆ, ಚಮಚ ಅಂಟಿಕೊಳ್ಳುತ್ತದೆ, ಅಲ್ಲಿ ಸೀಗಡಿ ಏನಾಯಿತೋ, ಓಡಿ ಹೋಗಿ ಬಾಣಲೆ ಇಳಿಸುತ್ತೇನೆ, ಉಂಡೆ ಸುತ್ತಿಕೊಂಡಿವೆ, ರಬ್ಬರ್, ಬಂದು ಮತ್ತೆ ಕುಟ್ಟುತ್ತೇನೆ, ಆಗಲೇ ಆರುತ್ತಿದೆ. ಬೆಳಿಗ್ಗೆ ಮತ್ತೆ ಫೋನ್ ಬಂದಿತ್ತು. ಅವಳ ಹೆಸರು ಕಂಡದ್ದೇ ಕೈಯಲ್ಲಿದ್ದ ಕಾಫಿ ಚೆಲ್ಲಿತು, ಬರ್ತೀನಿ ಅಂತಾಳೆ, ಈಗ ಅಂತಾಳೆ ಎಂದುಕೊಂಡೆ, ಅವಳು ಹೇಳಿದ್ದು, ತೇಯೋ, ನಾಳೆ ಇರೈದಾ ಮಗ ವಿಗ್ಬೆರ್ತೋ ಲಾರಿ ತಗೊಂಡು ಆ ಕಡೆ ಬರ್ತಿದಾನೆ, ಹೊಲಿಗೆ ಮಷೀನು ಕೊಟ್ಟು ಕಳಿಸು, ಮತ್ತೆ ಅಜ್ಜಿ ಒರಳು. ಒರಳಾ ಎಂದೆ, ಹ್ಞೂಂ, ಒರಳು, ಅದು ನಮ್ಮನೇದಲ್ವ, ಹೌದು, ನಿಮ್ಮನೇದೇ. ಅವಳು ಫೋನ್ ಇಡಲಿಲ್ಲ, ಕಾಯುತ್ತಿದ್ದಳು, ಉಸಿರು ಕೇಳುತ್ತಿತ್ತು, ಈಗ ಹೇಳು ಈಗ ಹೇಳು, ಬಾ ನಿಲ್ಸಾ, ನನಗೆ ನೀನು ಬೇಕು, ಮನೆ ತಿನ್ನುತ್ತೆ ನನ್ನನ್ನ, ಇಷ್ಟೇ ಇಷ್ಟು, ನಾನು ಕೇಳಿದ್ದು ಸೀಗಡಿ ಎಷ್ಟು ಹೊತ್ತು ಬೇಯಿಸಬೇಕು ಅಂತ. ನಕ್ಕಳು, ಬಾಲ ತಲೆ ಹತ್ರ ಬಂದ್ರೆ ಸಾಕು ಅಂದಳು, ಹುಷಾರಾಗಿರು ಅಂದಳು, ಇಟ್ಟಳು. ನಾಳೆ ಒರಳು ಹೋಗುತ್ತದೆ. ಮುಂದಿನ ಭಾನುವಾರ ಈ ಮನೆಯಿಂದ ಒಂದು ಸದ್ದೂ ಬರುವುದಿಲ್ಲ, ಆಗ ಏನು ಹೇಳಲಿ, ನಿಲ್ಸಾಗೆ ಬಾಳೆಕಾಯಿ ಒಗ್ಗಲ್ಲ ಅನ್ನಲೇ, ಇವತ್ತೇ ಹೇಳಿಬಿಡಲೇ, ಇಲ್ಲ, ಇವತ್ತು ಕೊನೆಯದು, ಇದೊಂದು ಸಲ ಆಗಿಹೋಗಲಿ, ಒರಳನ್ನು ತಟ್ಟೆಗೆ ಬೋರಲು ಹಾಕಿ ತಟ್ಟಿದೆ, ನನ್ನ ಪಾಲು ಗುಂಡಗೆ ಕುಳಿತಿತು, ಸೀಗಡಿ ಸುರಿದೆ, ಈಗ ಎರಡನೆಯದು, ಖಾಲಿ ಒರಳು, ಠಕ್, ಠಕ್, ಮರಕ್ಕೆ ಮರ, ನಡುವೆ ಬಿಡುವು ಕೊಟ್ಟು, ಠಕ್ —

ತೇಯೋ. ಕಿಟಕಿಯಾಚೆಯಿಂದ. ಒಳಗಿದ್ದೀಯೇನೋ. ಇದ್ದೀನಿ ದೋನ್ಯಾ ಪ್ರೋವಿ. ಆ ಎರಡನೇದು ಇವತ್ತು ನನಗೆ ಕೊಡೋ, ಒಲೆ ಹಚ್ಚೋಕೆ ಬೇಜಾರು. ಅದು, ಅದು ನಿಲ್ಸಾಂದು. ನಿಲ್ಸಾಗೆ ಗಾಳಿ ಕುಟ್ಟಿ ಹಾಕ್ತೀಯೇನೋ, ನಲವತ್ತು ವರ್ಷ ಸಮುದ್ರದ ದಂಡೇಲಿ ಕರಿದು ಮಾರಿದೋಳು ನಾನು, ತುಂಬಿದ ಒರಳು ಯಾವುದು ಬರಿದು ಯಾವುದು ಅಂತ ಗೊತ್ತಾಗಲ್ವ ನನಗೆ. ಒನಕೆ ಕೈಯಲ್ಲೇ ಇದೆ, ಪಟ್ಟಿಗಳ ನಡುವೆ ಅವರ ಹೂವಿನ ಗೌನು ಕಾಣುತ್ತದೆ, ಮುಖ ಕಾಣುವುದಿಲ್ಲ, ಒಳ್ಳೆಯದಾಯಿತು, ಕಿವಿ ಸುಡುತ್ತಿದೆ ನನಗೆ. ಯಾವಾಗಿಂದ ಗೊತ್ತು ನಿಮಗೆ. ಮೊದಲನೇ ಸಲದಿಂದ. ಮತ್ತೆ ವಾರ ವಾರ ಯಾಕೆ ಕೇಳ್ತಿದ್ರಿ, ನಿಲ್ಸಾ ಎಲ್ಲಿ ನಿಲ್ಸಾ ಎಲ್ಲಿ ಅಂತ, ನನ್ನನ್ನ ಗೋಳು ಹೊಯ್ಕೊಳ್ಳೋಕಾ. ಅವರು ಕುರ್ಚಿ ಎಳೆದುಕೊಂಡು ಕುಳಿತ ಸದ್ದಾಯಿತು. ಕೇಳಿದ್ರೆ ನೀನು ಏನಾದ್ರೂ ಮಾತಾಡ್ತಿದ್ದೆಯಲ್ಲೋ, ಸುಳ್ಳಾದ್ರೇನು, ಕೇಳದೇ ಇದ್ದಿದ್ರೆ ಭಾನುವಾರದಿಂದ ಭಾನುವಾರಕ್ಕೆ ನಿನ್ನ ಬಾಯಲ್ಲಿ ಜೇಡ ಬಲೆ ಕಟ್ಟಿರೋದು. ಒನಕೆಯನ್ನು ಪಕ್ಕಕ್ಕಿಟ್ಟೆ, ಆ ಪಟ್ಟಿಗಳ ಕಡೆಗೆ ನೋಡುತ್ತಾ ಹೇಳಿದೆ, ನಿಲ್ಸಾ ಇನ್ನು ಬರಲ್ಲ ದೋನ್ಯಾ ಪ್ರೋವಿ. ಹೇಳಿಯಾಯಿತು. ನನ್ನ ಧ್ವನಿ ನನಗೇ ಯಾರದೋ ಎನಿಸಿತು. ಧಕ್ಕೆಯ ಕಡೆಯಿಂದ ಯಾವುದೋ ದೋಣಿಯ ಇಂಜಿನ್, ಅದರ ಮೂರನೇ ಪ್ಲಗ್ ಕೆಟ್ಟಿದೆ, ಆಮೇಲೆ ಅವರು, ಬೆಳ್ಳುಳ್ಳಿ ಸ್ವಲ್ಪ ಜಾಸ್ತಿ ಹಾಕು, ಮಗಾ, ಮತ್ತೆ ನುಣ್ಣಗೆ ಕುಟ್ಟು, ನನಗೆ ಹಲ್ಲಿಲ್ಲ.

ಬುಟ್ಟಿಯಲ್ಲಿ ನಾಳೆಗೆಂದು ಇಟ್ಟ ಬಾಳೆಕಾಯಿ ಇದೆ, ಸಿಪ್ಪೆ ಸೀಳಿದೆ, ಸೊನೆ ಬೆರಳಿಗೆ ಮೆತ್ತಿತು, ಉಪ್ಪುನೀರಿಗೆ ಹಾಕಲು ಮರೆತೆ, ಇರಲಿ, ಎಣ್ಣೆ ಇನ್ನೂ ಬಿಸಿಯಿದೆ, ಚರಚರ, ಕಣ್ಣು ಉರಿಯುತ್ತಿದೆ, ಹೊಗೆ, ಹೊಗೆಯೇ ಇರಬೇಕು, ಹೇಳಿಬಿಟ್ಟೆನಲ್ಲ, ಬರಲ್ಲ ಎಂದುಬಿಟ್ಟೆ, ಇನ್ನು ಮುಂದೆ ಭಾನುವಾರ ಸ್ನಾನದ ಮನೆಯಲ್ಲಿ ಯಾರೂ ಇಲ್ಲ, ಸದ್ದು ಗೊಣಗತೊಡಗಿತು, ಮಗುಚು, ತೆಗೆ, ಬೆಳ್ಳುಳ್ಳಿ ಜಾಸ್ತಿ, ಉಪ್ಪು, ಎಣ್ಣೆ, ಕುಟ್ಟು. ಧಪ್. ತುಂಬಿದ ಒರಳಿನ ಸದ್ದು, ಹೌದು, ಬೇರೆಯೇ, ಯಾರಿಗಾದರೂ ಗೊತ್ತಾಗುವಂಥದ್ದು. ಧಪ್. ಹಾಂ, ಹಾಗೆ, ಎನ್ನುತ್ತಾರೆ ದೋನ್ಯಾ ಪ್ರೋವಿ ಆಚೆಯಿಂದ. ನುಣ್ಣಗಾಗಬೇಕಾದರೆ ಮುದ್ದೆ ಮಗುಚುತ್ತಿರಬೇಕು, ಬದಿಗೆ ಏರುತ್ತಿದೆ, ಧಪ್, ಏರುತ್ತಿದೆ, ಒನಕೆ ಎತ್ತಿದೆ, ಎತ್ತಿ ನಿಂತೆ, ಯಾಕೆ ನಿಂತೆ, ಎಷ್ಟು ವರ್ಷದಿಂದ ಈ ಕೈ ಇಲ್ಲಿ ನಿಲ್ಲುತ್ತಿದೆ, ಇಷ್ಟೇ ಎತ್ತರದಲ್ಲಿ, ಇಷ್ಟೇ ಹೊತ್ತು, ಎಣ್ಣೆ ಹಚ್ಚಿದ ಬೆರಳು ಒಳಗೆ ಹೋಗುವಷ್ಟು, ಮಗುಚುವಷ್ಟು, ಹೊರಗೆ ಬರುವಷ್ಟು, ಯಾಕೋ ನಿಲ್ಲಿಸ್ದೆ ತೇಯೋ, ಆರೋಗತ್ತೆ, ಕುಟ್ಟು, ಎನ್ನುತ್ತಾರೆ ದೋನ್ಯಾ ಪ್ರೋವಿ, ಗೊತ್ತು, ಆರುತ್ತಿದೆ, ಆವಿ ಏಳುತ್ತಿದೆ, ಒರಳಿನ ಬಾಯಲ್ಲಿ ಆವಿ, ಆವಿಯಲ್ಲಿ ನಿಲ್ಸಾಳ ಬೆರಳು, ಒಂದರ ಉಗುರು ಕಪ್ಪು, ಇನ್ನೂ ಹೊರಗೆ ಬಂದಿಲ್ಲ, ಒನಕೆ ಇಳಿಸಿದರೆ ಅವುಗಳ ಮೇಲೇ ಬೀಳುತ್ತದೆ, ಎತ್ತಿಯೇ ಹಿಡಿದಿದ್ದೇನೆ, ಬೆರಳು, ಎತ್ತಿಯೇ —