ಉಪವಾಸಕ್ಕೆ ತಿಂದದ್ದು

ಹೇತಲ್ ಹುರಿದ ಶೇಂಗಾವನ್ನು ಅಂಗೈಯಲ್ಲಿ ಉಜ್ಜಿ ಸಿಪ್ಪೆ ಬಿಡಿಸುತ್ತಿದ್ದಳು. ಹಿಡಿಹಿಡಿಯಾಗಿ ಉಜ್ಜಿ, ತಟ್ಟೆಯನ್ನು ಹಿತ್ತಲ ಬಾಗಿಲಾಚೆ ಚಾಚಿ ಊದುವಳು. ಕೆಂಪು ಸಿಪ್ಪೆ ಗಾಳಿಗೆ ಹಾರಿ ಪಕ್ಕದ ಮನೆಯವರು ಒಣಹಾಕಿದ ಬಿಳಿ ಚಾದರದ ಮೇಲೆ ಕೂರುವುದು. ಅವಳು ಅತ್ತ ನೋಡಿ, ನೋಡದವಳಂತೆ ಮತ್ತೊಂದು ಹಿಡಿ ತೆಗೆದುಕೊಳ್ಳುವಳು. ಅತ್ತೆ ಜಸುಮತಿಬೆನ್ ಮೇಜಿನ ಮುಂದೆ ಕುಳಿತು ಶೇಂಗಾದ ಮೇಲೆಯೇ ಕಣ್ಣಿಟ್ಟಿದ್ದರು.

ನಾಳೆ ಏಕಾದಶಿ, ಸಬ್ಬಕ್ಕಿ ಖಿಚಡಿಗೆ ಶೇಂಗಾ ಬೇಕು. ಆದರೆ ಇವತ್ತು ಮಧ್ಯಾಹ್ನ ಎರಡೂವರೆಗೆ ನರ್ಸ್ ಮೌರೀನ್ ಬಳಿ ಹೋಗಬೇಕು. ಹಿಂದಿನ ಸಲ ಜಸುಮತಿಬೆನ್ನರ ಮೂರು ತಿಂಗಳ ಸರಾಸರಿ ಸಕ್ಕರೆ ಇಂಗ್ಲೆಂಡಿನ ಲೆಕ್ಕದಲ್ಲಿ ಎಂಬತ್ನಾಲ್ಕು ಬಂದಿತ್ತು; ನಲವತ್ತೆಂಟು ಮುಟ್ಟಿದರೇ ಕಾಯಿಲೆ. ಎಪ್ಪತ್ತಕ್ಕೆ ಇಳಿಯದಿದ್ದರೆ ಮಾತ್ರೆ ಸಾಲದು, ದಿನಾ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳಬೇಕು ಎಂದು ಮೌರೀನ್ ಹೇಳಿದ್ದಳು. ಜಸುಮತಿಬೆನ್ ಹದಿನೇಳರ ವಯಸ್ಸಿನಲ್ಲಿ ಉಗಾಂಡಾ ಭಾರತೀಯರನ್ನು ಹೊರಗಟ್ಟಿದಾಗ ಒಂದೇ ಪೆಟ್ಟಿಗೆ ಹಿಡಿದು ಲೆಸ್ಟರ್‌ಗೆ ಬಂದವರು. ದಾರಿಯಲ್ಲಿ ಸೈನಿಕರು ಬಂದೂಕು ಹಿಡಿದು ನಿಂತಿದ್ದಾಗಲೂ ಹೆದರಲಿಲ್ಲವಂತೆ. ಸೂಜಿಯ ಮಾತು ಬಂದರೆ ಮಾತ್ರ ಸೆರಗನ್ನು ಹೊಟ್ಟೆಗೆ ಒತ್ತಿ ಹಿಡಿಯುತ್ತಿದ್ದರು.

ತಿಂದದ್ದನ್ನೆಲ್ಲ ಬರೆದಿಡಿ ಎಂದು ಮೌರೀನ್ ಒಂದು ಪುಸ್ತಕ ಕೊಟ್ಟಿದ್ದಳು. ದಿನಕ್ಕೊಂದು ಚೌಕ. ಬರೆಯುವ ಕೆಲಸ ಹೇತಲ್‌ಳದು. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳಾದರೂ ಇಲ್ಲಿಗೆ ಬಂದ ಮೂರು ವರ್ಷದಲ್ಲಿ ಗ್ರಂಥಾಲಯದ ಉಚಿತ ತರಗತಿಗೆ ಹೋಗಿ ಇಂಗ್ಲಿಷ್ ಅಕ್ಷರ ದುಂಡಗೆ ಮಾಡಿಕೊಂಡಿದ್ದಳು. ಮಾತು ಮಾತ್ರ ಗುಜರಾತಿಯಲ್ಲೂ ಅಷ್ಟಕ್ಕಷ್ಟೆ.

ಶೇಂಗಾ ಡಬ್ಬಕ್ಕೆ ತುಂಬಿ ಅವಳು ಪುಸ್ತಕ ತೆರೆದಳು. “ನಿನ್ನೇದು ಏನು ಬರೀಲಿ, ಮಮ್ಮಿ?”

“ನಿನ್ನೆ ಶ್ರಾವಣ ಸೋಮವಾರ. ಉಪವಾಸ. ಖಾಲಿ ಬಿಡು.”

“ಖಿಚಡಿ ತಿಂದ್ರಲ್ಲ. ಆಲೂಗಡ್ಡೆ ಪಲ್ಯ, ರಾಜಗಿರಿ ಪೂರಿ...”

“ಅದು ಫರಾಳ, ಉಪವಾಸದ ತಿಂಡಿ.” ಜಸುಮತಿಬೆನ್ ಚಿಕ್ಕ ಮಗುವಿಗೆ ಹೇಳುವಂತೆ ಹೇಳಿದರು. “ಫರಾಳ ಊಟ ಆಗಿದ್ರೆ ಉಪವಾಸ ಮುರೀತಿತ್ತು. ನನ್ನ ಉಪವಾಸ ಮುರಿದಿತ್ತಾ?”

“ಇಲ್ಲ.”

“ಮತ್ತೆ? ತಿಂದಿಲ್ಲ ಅಂತಲೇ ಆಯ್ತಲ್ಲ.”

“ಸಂಜೆ ಮಂದಿರದಲ್ಲಿ ಎರಡು ಪೇಡ...”

“ಪ್ರಸಾದ ಅದು. ದೇವರು ಕೊಟ್ಟಿದ್ದನ್ನ ನರ್ಸಿಗೆ ಒಪ್ಪಿಸ್ಬೇಕಾ?”

ಹೇತಲ್ ಚೌಕವನ್ನು ಖಾಲಿ ಬಿಟ್ಟಳು. ಸೋಮವಾರ, ಶನಿವಾರ, ಏಕಾದಶಿ, ಜನ್ಮಾಷ್ಟಮಿ, ಎಲ್ಲ ಸೇರಿ ಮೂರು ತಿಂಗಳಲ್ಲಿ ಅಂಥ ಚೌಕಗಳು ಮೂವತ್ತೊಂದಾಗಿದ್ದವು.

ಮೌರೀನ್ ಒಳ್ಳೆಯವಳು. ದಪ್ಪ ಕನ್ನಡಕ, ದೊಡ್ಡ ಕೈ. ಎರಡೂವರೆಗೆ ಕ್ಲಿನಿಕ್ಕಿನಲ್ಲಿ ಇವರನ್ನು ಕೂರಿಸಿ, ಕಂಪ್ಯೂಟರಿನಲ್ಲಿ ರಕ್ತಪರೀಕ್ಷೆಯ ವರದಿ ನೋಡಿ ನಿಟ್ಟುಸಿರಿಟ್ಟಳು. “ತೊಂಬತ್ತೊಂದು, ಮಿಸೆಸ್ ಕೋಟೇಚಾ.”

ಜಸುಮತಿಬೆನ್ನರಿಗೆ ಇಂಗ್ಲಿಷ್ ಮಾತು ಕಷ್ಟವಾದರೂ ಅಂಕಿ ಗೊತ್ತಿತ್ತು. ಸೆರಗು ಹೊಟ್ಟೆಗೆ ಹೋಯಿತು.

ಮೌರೀನ್ ಪುಸ್ತಕದ ಹಾಳೆ ತಿರುವಿದಳು. ತಿರುವುತ್ತ ತಿರುವುತ್ತ ಅವಳ ಮುಖ ಬಿಳುಚಿತು. “ಇದೇನು, ಈ ಖಾಲಿ ದಿನಗಳಲ್ಲಿ ಇವರು ಏನೂ ತಿಂದೇ ಇಲ್ವಾ? ಎಪ್ಪತ್ತು ವಯಸ್ಸಿನವರು?”

ಹೇತಲ್ ಅದನ್ನು ಗುಜರಾತಿಗೆ ತಿರುಗಿಸಿದಳು. ಜಸುಮತಿಬೆನ್ನರ ಬೆನ್ನು ನೆಟ್ಟಗಾಯಿತು. “ಐವತ್ತು ವರ್ಷದ ವ್ರತ ಅಂತ ಹೇಳು. ಒಂದಗುಳು ಅನ್ನ ಮುಟ್ಟಿಲ್ಲ ಅಂತ ಹೇಳು.”

ಹೇತಲ್ ಹೇಳಿದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

“ಇದು ಅಪಾಯ,” ಎಂದಳು ಮೌರೀನ್. “ಬರೀ ಹೊಟ್ಟೇಲಿ ಮಾತ್ರೆ ನುಂಗಿದ್ರೆ ತಲೆ ತಿರುಗಿ ಬೀಳ್ತಾರೆ. ಅಂಥ ದಿನ ಏನಾದ್ರೂ ತಿನ್ನಲೇಬೇಕು. ಒಂದು ಆಲೂಗಡ್ಡೆನಾದ್ರೂ ತಿನ್ನಬಹುದಾ?”

ಆಲೂಗಡ್ಡೆಯ ಇಂಗ್ಲಿಷ್ ಹೆಸರು ಜಸುಮತಿಬೆನ್ನರಿಗೆ ಚೆನ್ನಾಗಿ ಗೊತ್ತಿತ್ತು. “ಓಕೆ, ಓಕೆ,” ಎಂದರು ಉದಾರವಾಗಿ. ಆಮೇಲೆ ಸೊಸೆಯ ಕಡೆ ಬಾಗಿ, “ನೋಡಿದ್ಯಾ, ಇನ್ನೂ ತಿನ್ನು ಅಂತಾಳೆ. ನೀನೊಬ್ಬಳು ಪೂರಿ ಎಣಿಸ್ತೀಯ,” ಎಂದರು.

“ಆದರೆ ಇಷ್ಟು ಕಮ್ಮಿ ತಿಂದೂ ಇಷ್ಟು ಏರಿದೆ ಅಂದ್ರೆ,” ಎನ್ನುತ್ತ ಮೌರೀನ್ ಮೇಜಿನ ಖಾನೆ ಎಳೆದು ಪೆನ್ನಿನಂಥ ನೀಲಿ ವಸ್ತುವೊಂದನ್ನು ತೆಗೆದಳು, “ಮಾತ್ರೆ ಕೆಲಸ ಮಾಡ್ತಿಲ್ಲ. ಇವತ್ತೇ ಸೂಜಿ ಶುರು ಮಾಡೋಣ.”

ಜಸುಮತಿಬೆನ್ ಹೇತಲ್‌ಳ ಮಣಿಕಟ್ಟು ಹಿಡಿದರು. “ಮಷೀನು ಕೆಟ್ಟಿದೆ ಅಂತ ಹೇಳು. ಬೇಗ ಹೇಳು.”

ಹೇತಲ್ ಅತ್ತೆಯ ಮಾತಿಗೆ ಎದುರಾಡಿದವಳಲ್ಲ. ಉಪ್ಪು ಹೆಚ್ಚಾಗಿದೆ ಎಂದರೂ, ಕಮ್ಮಿಯಾಗಿದೆ ಎಂದರೂ, ಒಂದೇ ಊಟದಲ್ಲಿ ಎರಡೂ ಎಂದರೂ ತಲೆಯಾಡಿಸಿದವಳು. ಈಗ ಕಣ್ಣು ನೆಲಕ್ಕೆ ನೆಟ್ಟು ಇಂಗ್ಲಿಷಿನಲ್ಲಿ, “ಖಾಲಿ ಅಲ್ಲ. ತಿಂದಿದ್ದಾರೆ,” ಎಂದಳು.

“ಏನು ತಿಂದಿದ್ದಾರೆ?”

“ಸಾಬುದಾನ ಖಿಚಡಿ. ಬಟಾಟಾ ಪಲ್ಯ. ಮೋಗೊ, ಮರಗೆಣಸು, ಕರಿದದ್ದು. ರಾಜಗಿರಿ ಪೂರಿ, ಎಂಟು. ಶ್ರೀಖಂಡ.”

ಮೌರೀನ್ ಪೆನ್ನು ಹಿಡಿದು ಒಂದೊಂದಕ್ಕೂ ಅದೇನೆಂದು ಕೇಳಿ ಬರೆಯತೊಡಗಿದಳು. ಚೌಕ ತುಂಬಿತು. ಅಂಚಿಗೆ ಬರೆದಳು. ಅಂಚೂ ತುಂಬಿತು. ಸೊಸೆ ಆಡುತ್ತಿದ್ದುದು ಇಂಗ್ಲಿಷಾದರೂ ತಿಂಡಿಗಳೆಲ್ಲ ತಮ್ಮ ಹೆಸರಿನಿಂದಲೇ ಬಂದು ಸಾಕ್ಷಿ ಹೇಳುತ್ತಿದ್ದವು. ಜಸುಮತಿಬೆನ್ನರ ಕಿವಿ ಕೆಂಪಾಯಿತು. ಅವರು ಮಣಿಕಟ್ಟು ಬಿಟ್ಟರು. ಗೋಡೆಯ ಕಡೆ ಮುಖ ತಿರುಗಿಸಿದರು. ಆಮೇಲೆ ತಡೆಯಲಾರದೆ ಹೋದರು.

“ಮೋಗೊ ಸೋಮವಾರ ನಾನೆಲ್ಲಿ ತಿಂದೆ? ಶನಿವಾರ ಮಾತ್ರ. ಸರಿಯಾಗಿ ಹೇಳು.”

“ಮೋಗೊ ಶನಿವಾರ,” ಎಂದಳು ಹೇತಲ್.

“ಸುವರ್ಣಗಡ್ಡೆ ವಡೆ ಹೇಳೋದೇ ಬಿಟ್ಟೆಯಲ್ಲ. ಜನ್ಮಾಷ್ಟಮಿಗೆ ಆರು. ಶೇಂಗಾ ಉಂಡೆ ಎರಡು. ನಿಮ್ಮತ್ತೆಗೆ ಬರೀ ಖಿಚಡಿ ಮಾಡಿ ಹಾಕ್ತೀಯ ಅಂದ್ಕೊಳ್ಳಲ್ವಾ ಆ ಹೆಂಗಸು?”

ಹೇತಲ್ ಎಲ್ಲವನ್ನೂ ಹೇಳಿದಳು. ಬಾಳೆಹಣ್ಣಿನ ಪಾಯಸದ ಹೊತ್ತಿಗೆ ಮೌರೀನ್ ಬೇರೆ ಹಾಳೆ ತೆಗೆದಿದ್ದಳು. ಬರೆದು ಮುಗಿಸಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಹೇತಲ್‌ಗೆ ತಿಳಿಯಲಿಲ್ಲ. ಆದರೆ ಸೂಜಿಯ ನೀಲಿ ಪೆನ್ನು ಖಾನೆಗೆ ವಾಪಸು ಹೋಯಿತು.

“ಆರು ವಾರ ಕಾಯ್ತೀನಿ,” ಎಂದಳು. “ಉಪವಾಸ ಬೇಕಾದ್ರೆ ಮಾಡ್ಲಿ. ಕರಿದದ್ದು ಬೇಡ, ಸಿಹಿ ಬೇಡ. ಸೋರೆಕಾಯಿ, ಮೊಸರು ಹೊಟ್ಟೆ ತುಂಬ ತಿನ್ಲಿ. ಈ ಖಿಚಡಿ ಮಾತ್ರ ಇಷ್ಟು.” ನೀರಿನ ಯಂತ್ರದಿಂದ ಒಂದು ಕಾಗದದ ಲೋಟ ಎಳೆದು ಹೇತಲ್‌ಳ ಕೈಗಿಟ್ಟಳು. “ಅರ್ಧ ಲೋಟ. ಆಗಲೂ ಇಳೀದಿದ್ರೆ ಸೂಜಿ.”

ಬಸ್ಸಿನಲ್ಲಿ ಜಸುಮತಿಬೆನ್ ಬೇರೆ ಸೀಟಿನಲ್ಲಿ ಕುಳಿತರು. ಇಳಿಯುವಾಗ ಒಂದೇ ಮಾತು: “ನಮ್ಮ ಮನೇಲಿ ಬಾಯಿಲ್ಲದ ಸೊಸೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದ್ದೆ.”

ಮರುದಿನ ಏಕಾದಶಿ. ಹೇತಲ್ ಅರ್ಧ ಲೋಟ ಖಿಚಡಿಯನ್ನು ತಟ್ಟೆಗೆ ಬೋರಲು ಹಾಕಿದಳು. ಪಕ್ಕದಲ್ಲಿ ಸೋರೆಕಾಯಿ ಪಲ್ಯದ ಗುಡ್ಡೆ, ಬಟ್ಟಲು ತುಂಬ ಮೊಸರು. ರಾತ್ರಿಪಾಳಿ ಮುಗಿಸಿ ಬಂದ ಅವಳ ಗಂಡ ನಿಕುಂಜ್ ಅಮ್ಮನ ಎದುರಿಗೆ ಕುಳಿತು ಚಹಾ ಕುಡಿಯುತ್ತಿದ್ದ. ಜಸುಮತಿಬೆನ್ ತಟ್ಟೆಯನ್ನು ಅತ್ತ ತಿರುಗಿಸಿ ನೋಡಿದರು, ಇತ್ತ ತಿರುಗಿಸಿ ನೋಡಿದರು. ಯಾವ ಕಡೆಯಿಂದಲೂ ಖಿಚಡಿ ಅಷ್ಟೇ ಇತ್ತು. ನಾಲ್ಕು ತುತ್ತಿಗೆ ಮುಗಿಯಿತು. ಸೋರೆಕಾಯಿಯನ್ನು ಬೆರಳಿನಿಂದ ಸ್ವಲ್ಪ ದೂರ ತಳ್ಳಿದರು.

“ವಹು, ಒಂದು ಚಮಚ ಹಾಕು,” ಎಂದರು ಸೊಸೆಗೆ, ಮೆಲ್ಲಗೆ.

ಹೇತಲ್ ಬೆನ್ನು ತಿರುಗಿಸಿ ನಲ್ಲಿ ಬಿಟ್ಟಳು. ಪಾತ್ರೆ ತೊಳೆಯತೊಡಗಿದಳು. ನಿಕುಂಜ್ ಖಾಲಿ ಕಪ್ಪನ್ನು ಬಾಯಿಗಿಟ್ಟುಕೊಂಡೇ ಕುಳಿತ.

“ನಿಕುಂಜ್, ನೀನಾದ್ರೂ ಒಂದು ಚಮಚ ಹಾಕಪ್ಪ.”